ಔಷಧಿ ಕೌಂಟರಿನ ಆಚೆಗೂ ಫಾರ್ಮಸಿಸ್ಟ್‌ಗೆ ಕೆಲಸವಿದೆ

ನಮ್ಮೂರ ಆಸ್ಪತ್ರೆಗಳಲ್ಲಿ ಫಾರ್ಮಸಿಸ್ಟ್ ಎಂದರೆ ಚೀಟಿ ನೋಡಿ ಔಷಧಿ ಕೊಟ್ಟು ಬಿಲ್ ಮಾಡುವವರು. ಬೆಂಗಳೂರಿನಲ್ಲಿ ನರ್ಸ್ ಆಗಿದ್ದಾಗ ನಾನೂ ಹಾಗೆಯೇ ತಿಳಿದಿದ್ದೆ. ಈಗ ನಾನಿರುವ ಅಮೆರಿಕದ ಆಸ್ಪತ್ರೆಯಲ್ಲಿ ಸೋಂಕು ರೋಗಗಳಿಗೆಂದೇ ಒಬ್ಬ ಫಾರ್ಮಸಿಸ್ಟ್ ಇದ್ದಾರೆ. ಅವರು ಕೌಂಟರಿನಲ್ಲಿ ಕೂರುವುದಿಲ್ಲ, ವೈದ್ಯರ ಜೊತೆ ವಾರ್ಡಿಗೆ ಬರುತ್ತಾರೆ.

ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ಕಡಿಮೆಯಾದರೆ ಸೋಂಕು ಬಗ್ಗುವುದಿಲ್ಲ, ಹೆಚ್ಚಾದರೆ ಕಿಡ್ನಿಗೆ ಪೆಟ್ಟು. ರೋಗಿಯ ತೂಕ, ಕಿಡ್ನಿಯ ಸ್ಥಿತಿ ತೋರುವ ಕ್ರಿಯಾಟಿನಿನ್, ರಕ್ತದಲ್ಲಿ ಔಷಧಿಯ ಮಟ್ಟ ಇಷ್ಟನ್ನೂ ನೋಡಿ ಡೋಸ್ ಲೆಕ್ಕ ಹಾಕುವವರು ಅವರೇ. ಸೋಂಕು ಯಾವ ರೋಗಾಣುವಿನದು ಎಂದು ತಿಳಿಸುವ ಕಲ್ಚರ್ ರಿಪೋರ್ಟ್ ಬಂದ ಕೂಡಲೇ, ಇಷ್ಟು ದೊಡ್ಡ ಆ್ಯಂಟಿಬಯೋಟಿಕ್ ಇನ್ನೂ ಬೇಕೇ ಎಂದು ವೈದ್ಯರನ್ನು ಕೇಳುತ್ತಾರೆ. ಲಿನೆಜೋಲಿಡ್ ಎಂಬ ಆ್ಯಂಟಿಬಯೋಟಿಕ್ ಬಾಯಿಂದ ಕೊಟ್ಟರೂ ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತದೆ; ರೋಗಿ ಊಟ ಮಾಡುವಂತಾದರೆ ಡ್ರಿಪ್ ತೆಗೆಸಿ ಮಾತ್ರೆಗೆ ಬದಲಿಸೋಣ ಎನ್ನುತ್ತಾರೆ. ನನಗೆ ಬಹಳ ಹಿಡಿಸಿದ್ದು ಪೆನಿಸಿಲಿನ್ ಅಲರ್ಜಿಯ ವಿಚಾರಣೆ. ಅಮೆರಿಕದಲ್ಲಿ ನೂರಕ್ಕೆ 10 ಮಂದಿ ತಮಗೆ ಆ ಅಲರ್ಜಿ ಇದೆ ಎನ್ನುತ್ತಾರೆ, ನಿಜವಾಗಿ ಇರುವುದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ ಜನಕ್ಕೆ. ಯಾವಾಗ ಆಯಿತು, ಏನಾಯಿತು, ದದ್ದು ಎದ್ದಿತೋ ಬರೀ ವಾಂತಿಯೋ ಎಂದು ಹಾಸಿಗೆ ಪಕ್ಕ ಕೂತು ಕೇಳುವಷ್ಟು ಸಮಯ ಅವರಿಗಿದೆ.

ಇದು ಯಾರದೋ ಒಳ್ಳೆಯತನದಿಂದ ಬಂದ ವ್ಯವಸ್ಥೆಯಲ್ಲ. ಆ್ಯಂಟಿಬಯೋಟಿಕ್ ಬಳಕೆಯ ಮೇಲ್ವಿಚಾರಣೆಯಲ್ಲಿ ಫಾರ್ಮಸಿಸ್ಟ್ ಮುಂದಾಳತ್ವ ಇರಬೇಕೆಂದು ಇಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2014ರಲ್ಲೇ ಹೇಳಿತು. 2017ರಿಂದ ಆಸ್ಪತ್ರೆಗಳ ಮಾನ್ಯತೆಗೂ ಇಂಥ ಮೇಲ್ವಿಚಾರಣೆ ಬೇಕಾಯಿತು.

ನಮ್ಮಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. "ಇದನ್ನ ತಗೊಂಡ್ಬನ್ನಿ" ಎಂದು ಚೀಟಿ ಕೊಟ್ಟರೆ ರೋಗಿಯ ಮಗನೋ ಅಳಿಯನೋ ಕೆಳಗಿನ ಮೆಡಿಕಲ್ಸ್‌ಗೆ ಓಡುತ್ತಾನೆ. ಮೆರೊಪೆನೆಮ್‌ನಂಥ ಪ್ರಬಲ ಆ್ಯಂಟಿಬಯೋಟಿಕ್ ಎರಡು ದಿನ ಹೆಚ್ಚು ನಡೆದರೆ ಆ ದುಡ್ಡು ಹೋಗುವುದು ಅವನ ಜೇಬಿನಿಂದ. "ಸರ್, ಇದು ಇನ್ನೂ ಬೇಕಾ?" ಎಂದು ಅವನು ಕೇಳಲಾರ, ನರ್ಸ್‌ಗಳಾದ ನಾವೂ ಕೇಳುತ್ತಿರಲಿಲ್ಲ. ನೂರಾರು ರೋಗಿಗಳನ್ನು ನೋಡುವ ವೈದ್ಯರನ್ನು ದೂರಿ ಫಲವಿಲ್ಲ. ಕೇಳುವುದೇ ಕೆಲಸವಾಗಿರುವ ಒಬ್ಬರು ಪಕ್ಕದಲ್ಲಿರಬೇಕು.

ಓದಿದವರಿಲ್ಲ ಎನ್ನುವ ಹಾಗೂ ಇಲ್ಲ. ದೇಶದಲ್ಲಿ ಫಾರ್ಮ್ ಡಿ (ಡಾಕ್ಟರ್ ಆಫ್ ಫಾರ್ಮಸಿ) ಕೋರ್ಸ್ ಶುರುವಾದದ್ದು 2008ರಲ್ಲಿ. ಮೈಸೂರಿನ ಜೆಎಸ್ಎಸ್ ಫಾರ್ಮಸಿ ಕಾಲೇಜು ಕ್ಲಿನಿಕಲ್ ಫಾರ್ಮಸಿಯನ್ನು, ಅಂದರೆ ರೋಗಿಯ ಪಕ್ಕದಲ್ಲೇ ಮಾಡುವ ಫಾರ್ಮಸಿ ಕೆಲಸವನ್ನು, ಅದಕ್ಕೂ ಮುಂಚಿನಿಂದ ಕಲಿಸುತ್ತಿದೆ. ಆರು ವರ್ಷ ಓದಿ, ವಾರ್ಡಿನಲ್ಲೇ ತರಬೇತಿ ಪಡೆದ ನಮ್ಮ ಎಷ್ಟೋ ಮಕ್ಕಳು ಕೊನೆಗೆ ಕಂಪ್ಯೂಟರ್ ಮುಂದೆ ಔಷಧ ಕಂಪನಿಗಳ ಅಡ್ಡಪರಿಣಾಮದ ವರದಿ ತುಂಬುತ್ತಾರೆ. ಅದೂ ಬೇಕಾದ ಕೆಲಸವೇ, ಆದರೆ ಅವರು ಕಲಿತದ್ದು ರೋಗಿಯ ಪಕ್ಕದ ಕೆಲಸ.

ಅಮೆರಿಕದ್ದೆಲ್ಲ ನಮಗೆ ಬೇಡ. ಇಲ್ಲಿನ ಆಸ್ಪತ್ರೆ ಬಿಲ್ ನೋಡಿದರೆ ಎದೆ ಒಡೆಯುತ್ತದೆ. ನಾನು ಕೇಳುವುದು ಜಿಲ್ಲಾಸ್ಪತ್ರೆಗೊಂದು ಹುದ್ದೆ. ಮೆರೊಪೆನೆಮ್, ಕೊಲಿಸ್ಟಿನ್‌ನಂಥ ಪ್ರಬಲ ಆ್ಯಂಟಿಬಯೋಟಿಕ್ ಬರೆದ ಮೂರನೇ ದಿನ ಕೇಸ್ ಶೀಟ್ ತೆಗೆದು ನೋಡುವ, ಬರೆದ ವೈದ್ಯರ ಜೊತೆ ನೇರವಾಗಿ ಮಾತನಾಡುವ ಅಧಿಕಾರ ಆ ಹುದ್ದೆಗೆ ಇರಲಿ. ಓದಿಗೆ ತಕ್ಕ ಸಂಬಳವೂ ಇರಲಿ.