ಗೋಡೆ ಓದುವ ಮೀಟಿಂಗ್

ಮಂಗಳೂರಿನಲ್ಲಿ ಈಗ ತೋಡಿನ, ಅಂದರೆ ಮಳೆನೀರು ಹರಿಯುವ ಕಾಲುವೆಯ, ಹೂಳು ತೆಗೆಯುವ ಮೊದಲು ಅದರ ಪವರ್‌ಪಾಯಿಂಟ್ ಸ್ಲೈಡ್ ಆಗಬೇಕು. ಒಂದು ಜೋರು ಮಳೆಗೆ ಪಂಪ್‌ವೆಲ್, ಕೊಟ್ಟಾರ ಚೌಕಿಯಲ್ಲಿ ಕೃತಕ ನೆರೆ ಬರುತ್ತದೆ, ಹಿಂದಿನಿಂದಲೇ ಮೀಟಿಂಗ್ ಬರುತ್ತದೆ.

ಇದರಲ್ಲಿ ಪವರ್‌ಪಾಯಿಂಟಿನದ್ದು ಎಂತ ತಪ್ಪೂ ಇಲ್ಲ, ಪಾಪ. 1987ರಲ್ಲಿ ಮ್ಯಾಕಿಂಟಾಷ್ ಕಂಪ್ಯೂಟರಿಗೆ ಬಂದಾಗ ಅದರ ಕೆಲಸ ಓವರ್‌ಹೆಡ್ ಪ್ರೊಜೆಕ್ಟರಿಗೆ ಕಪ್ಪು-ಬಿಳಿ ಹಾಳೆ ತಯಾರು ಮಾಡುವುದು, ಅಷ್ಟೇ. ಹೊಸ ಸ್ಲೈಡ್ ತೆರೆದರೆ ಒಂದು ಖಾಲಿ ಚೌಕ, ಟೆಕ್ಸ್ಟ್ ಹಾಕಲು ಇಲ್ಲಿ ಕ್ಲಿಕ್ ಮಾಡಿ ಅನ್ನುತ್ತದೆ. ಹಾಕದಿದ್ದರೂ ನಡೆಯುತ್ತದೆ ಮಾರಾಯ್ರೆ, ಖಾಲಿ ಬಿಟ್ಟ ಚೌಕ ಪರದೆ ಮೇಲೆ ಕಾಣುವುದೇ ಇಲ್ಲ. ಆದರೆ ಇಲಾಖೆಯಲ್ಲಿ ಖಾಲಿ ಜಾಗ ಬಿಟ್ಟರೆ ಕೆಲಸ ಮಾಡಿಲ್ಲ ಅಂತ ಅರ್ಥ ಅಲ್ವಾ? ಹಾಗಾಗಿ ಫೈಲಿನ ಟಿಪ್ಪಣಿ, ಹಿಂದಿನ ವರ್ಷದ ಟಿಪ್ಪಣಿ, ಸುತ್ತೋಲೆಯ ಅರ್ಧ, ಎಲ್ಲ ತಂದು ಅದೇ ಚೌಕಕ್ಕೆ ಪೇಸ್ಟ್. ಚೌಕ ಸಾಕು ಅನ್ನುವುದಿಲ್ಲ, ಸುಮ್ನೆ ಅಕ್ಷರ ಸಣ್ಣದು ಮಾಡುತ್ತಾ ಹೋಗುತ್ತದೆ. ಆಟೋಫಿಟ್ ಅಂತ ಅದರ ಹೆಸರು. ಪಕ್ಕದಲ್ಲೇ ಕಾಣುವ ಗುಂಡಿ ಒತ್ತಿದರೆ ನಿಲ್ಲುತ್ತದೆ, ಯಾರೂ ಒತ್ತುವುದಿಲ್ಲ. ಅಷ್ಟಾದ ಮೇಲೂ ಉಳಿದದ್ದಕ್ಕೆ ಇನ್ಸರ್ಟ್‌ಗೆ ಹೋಗಿ ಇನ್ನೊಂದು ಟೆಕ್ಸ್ಟ್ ಬಾಕ್ಸ್, ಅದರ ಮೇಲೆ ವರ್ಡ್‌ಆರ್ಟ್‌ನಲ್ಲಿ ಓರೆಯಾಗಿ 'ತುರ್ತು'.

ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಇನ್ನೊಂದು ಮಜಾ. ಸಭಾಂಗಣದ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇಲ್ಲದಿದ್ದರೆ 'ರಾಜಕಾಲುವೆ' ಹೋಗಿ ತಲೆಬಾಲವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ. ಯೂನಿಕೋಡಿನಲ್ಲಿ ಟೈಪ್ ಮಾಡಿದ್ದರೆ ಈ ಕಥೆಯೇ ಇಲ್ಲ. ಆದರೂ ಮುಂದಿನ ಸಾಲಿನವರು ತಲೆ ಆಡಿಸುತ್ತಲೇ ಇರುತ್ತಾರೆ, ಮೊದಲಿನ ಸ್ಲೈಡಿಗೆ ಆಡಿಸಿದಷ್ಟೇ.

ನನಗೆ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ಇದು ತಾಳಮದ್ದಲೆಯ ಊರು, ಅಂದರೆ ಕೂತಲ್ಲೇ ಬರೀ ಮಾತಿನಲ್ಲಿ ನಡೆಯುವ ಯಕ್ಷಗಾನದ ಊರು. ವೇಷ ಇಲ್ಲ, ಪರದೆ ಇಲ್ಲ, ಬರೆದುಕೊಂಡ ಚೀಟಿಯೂ ಇಲ್ಲ. ಭಾಗವತರು ಒಂದು ಪದ ಹೇಳಿದರೆ ಸಾಕು, ಪಾತ್ರದ ಮಾತಾಡುವ ಅರ್ಥಧಾರಿ ಅದನ್ನು ಹಿಡಿದು ಎದುರಿನವನ ಬಾಯಿ ಕಟ್ಟುವ ತನಕ ಬಿಡುವುದಿಲ್ಲ. ರಾತ್ರಿ ಎರಡು ಗಂಟೆ ತನಕ ವಾಲಿಯ ವಾದಕ್ಕೆ ಭಲೇ ಅಂದ ಅದೇ ಸಾಹೇಬ್ರು ಬೆಳಿಗ್ಗೆ ಮೀಟಿಂಗಿನಲ್ಲಿ ನಮಗೆ ಬೆನ್ನು ತೋರಿಸಿ, ಗೋಡೆ ನೋಡಿ, ಅಲ್ಪವಿರಾಮವನ್ನೂ ಬಿಡದೆ ಓದುತ್ತಾರೆ! ಓದುವುದಕ್ಕೇ ಬೇಕಿದ್ದರೆ ಸ್ಲೈಡಿನ ಕೆಳಗೆ ನೋಟ್ಸ್ ಅಂತ ಜಾಗ ಉಂಟು, ಅಲ್ಲಿ ಬರೆದದ್ದನ್ನು ಮಾತಾಡುವವರಿಗೆ ಮಾತ್ರ ಕಾಣುವ ಹಾಗೆ ಮಾಡಬಹುದು. ಆದರೆ ಸಭೆಗೆ ಕಾಣದ ಅಕ್ಷರಕ್ಕೆ ಬಿಲ್ ಹೇಗೆ ಮಾಡುವುದು?

ಕೊನೆಯ ಸ್ಲೈಡ್ ಮಾತ್ರ ಚೆಂದ. ಹಿಂದೆ ಪಣಂಬೂರಿನ ಸೂರ್ಯಾಸ್ತ, ಮುಂದೆ ಇಷ್ಟು ದಪ್ಪಕ್ಕೆ 'ಧನ್ಯವಾದಗಳು'. ಹಿಂದಿನ ಬೆಂಚಿನವರಿಗೆ ಓದಲಿಕ್ಕೆ ಆದದ್ದು ಅದೊಂದೇ. ಗೋಳಿಬಜೆ ಬರುವ ಹೊತ್ತಿಗೆ ಅಲ್ಲಿಂದಲೇ ಯಾರೋ ಎದ್ದು, ಸರ್, ತೋಡಿನ ಹೂಳು ಯಾವಾಗ ತೆಗೀತೀರಿ ಅಂತ ಕೇಳುತ್ತಾರೆ.

"ಹದಿನೇಳನೇ ಸ್ಲೈಡಿನಲ್ಲಿ ಬಂತಲ್ಲ, ನೀವು ಓದಲಿಲ್ವಾ?"