ನಾವೇ ಗಿರಾಕಿ, ನಾವೇ ಗುಮಾಸ್ತ

ಅಮೆರಿಕದಲ್ಲಿ ಆಲ್ಡಿ ಎಂಬ ದಿನಸಿ ಮಳಿಗೆಗೆ ಹೊರಟವರು ಸಾಮಾನಿನ ಪಟ್ಟಿಯನ್ನು ಮರೆತರೂ ಒಂದು ಕ್ವಾರ್ಟರನ್ನು, ಅಂದರೆ ಇಪ್ಪತ್ತೈದು ಸೆಂಟಿನ ನಾಣ್ಯವನ್ನು, ಮರೆಯುವಂತಿಲ್ಲ. ಸರಪಳಿಯಿಂದ ಒಂದಕ್ಕೊಂದು ಬಿಗಿದುಕೊಂಡು ನಿಂತ ತಳ್ಳುಗಾಡಿಗಳು ಆ ನಾಣ್ಯವನ್ನು ನುಂಗಿದ ಮೇಲೆಯೇ ಬಿಡುಗಡೆಯಾಗುತ್ತವೆ. ಕೆಲಸ ಮುಗಿಸಿ ಗಾಡಿಯನ್ನು ಅದೇ ಸಾಲಿಗೆ ಸೇರಿಸಿ ಸರಪಳಿ ಸಿಕ್ಕಿಸಿದರೆ ನಾಣ್ಯ ಮರಳಿ ಕೈಗೆ ಬರುತ್ತದೆ. ಕಾರು ನಿಲ್ಲಿಸುವ ಬಯಲಿನಲ್ಲಿ ಅನಾಥವಾಗಿ ಚದುರಿದ ಗಾಡಿಗಳನ್ನು ಒಟ್ಟುಗೂಡಿಸಲು ಒಬ್ಬ ಆಳನ್ನು ಇಡುವ ಖರ್ಚು ಇದರಿಂದ ಉಳಿಯುತ್ತದೆ. ದೊಡ್ಡ ಸಂಬಳದ ಎಂಜಿನಿಯರುಗಳೂ ಮಳೆಯಲ್ಲಿ ನೆನೆಯುತ್ತ ಬಂದು ಆ ಕಾಲು ಡಾಲರನ್ನು ಬಿಡಿಸಿಕೊಳ್ಳುವುದನ್ನು ನೋಡಿದರೆ, ಮನುಷ್ಯಸ್ವಭಾವವನ್ನು ಈ ಅಂಗಡಿಯವರಷ್ಟು ಬಲ್ಲವರು ವಿರಳ ಎನ್ನಿಸುತ್ತದೆ.

ಜರ್ಮನಿಯ ಎಸ್ಸೆನ್ ನಗರದಲ್ಲಿ 1913ರಲ್ಲಿ ಅನ್ನಾ ಆಲ್ಬ್ರೆಕ್ಟ್ ತೆರೆದ ಪುಟ್ಟ ದಿನಸಿ ಅಂಗಡಿಯೇ ಆಲ್ಡಿಯ ಮೂಲ. ಅದನ್ನು ಎರಡನೆಯ ಮಹಾಯುದ್ಧದ ನಂತರ ಆಕೆಯ ಮಕ್ಕಳಾದ ಕಾರ್ಲ್ ಮತ್ತು ಥಿಯೊ ವಹಿಸಿಕೊಂಡು ಬೆಳೆಸಿದರು. ಸಿಗರೇಟು ಮಾರಬೇಕೇ ಬೇಡವೇ ಎಂಬ ವಿಷಯದಲ್ಲಿ ಒಮ್ಮತ ಮೂಡದೆ 1960ರ ಸುಮಾರಿಗೆ ಅಣ್ಣತಮ್ಮಂದಿರು ಪಾಲಾಗಿ, ದೇಶವನ್ನೇ ಉತ್ತರ, ದಕ್ಷಿಣ ಎಂದು ಹಂಚಿಕೊಂಡರು. ಇದಕ್ಕಿಂತ ಸಣ್ಣ ವಿಷಯಕ್ಕೆ ಮನೆ ಒಡೆದದ್ದನ್ನು ನಾವೂ ಕಂಡಿದ್ದೇವೆ. ಒಡೆದ ಮೇಲೆ ಎರಡು ಪಾಲೂ ಹೀಗೆ ಬೆಳೆದದ್ದನ್ನು ಮಾತ್ರ ಕಂಡಿಲ್ಲ. ದಕ್ಷಿಣದ ಪಾಲು 1976ರಲ್ಲಿ ಅಯೋವಾ ರಾಜ್ಯದ ಮೂಲಕ ಅಮೆರಿಕಕ್ಕೆ ಕಾಲಿಟ್ಟಿತು.

ಇಲ್ಲಿ ಸಾಮಾನು ಅಗ್ಗವಾಗಿರುವುದರಲ್ಲಿ ಮಾಯವೇನೂ ಇಲ್ಲ. ದೊಡ್ಡ ಸೂಪರ್‌ಮಾರ್ಕೆಟ್ಟಿನಲ್ಲಿ ಮೂವತ್ತು ಸಾವಿರ ಬಗೆಯ ಸರಕುಗಳಿದ್ದರೆ ಇಲ್ಲಿರುವುದು ಒಂದೆರಡು ಸಾವಿರದೊಳಗೆ, ಅದೂ ಬಹುಪಾಲು ಅವರದೇ ಹೆಸರಿನವು. ಸರಕು ಬಂದ ರಟ್ಟಿನ ಪೆಟ್ಟಿಗೆಯ ಮುಂಭಾಗವನ್ನು ಹರಿದು, ಪೆಟ್ಟಿಗೆಯನ್ನೇ ಹಲಗೆಯ ಮೇಲೆ ಇಟ್ಟುಬಿಡುತ್ತಾರೆ. ಪೊಟ್ಟಣಗಳ ಮೇಲೆ ಬಾರ್‌ಕೋಡು ಉದ್ದಕ್ಕೂ ಹಲವು ಬದಿಗಳಲ್ಲೂ ಅಚ್ಚಾಗಿರುವುದರಿಂದ, ಕುರ್ಚಿಯಲ್ಲಿ ಕುಳಿತ ಕ್ಯಾಷಿಯರ್ ಯಾವುದನ್ನೂ ತಿರುಗಿಸಿ ನೋಡದೆ ಗಾಜಿನ ಮೇಲೆ ಸರಸರನೆ ಎಳೆದು, ಪಕ್ಕದಲ್ಲಿ ಕಾದಿರುವ ಖಾಲಿ ಗಾಡಿಗೆ ಹಾಕುತ್ತಾ ಹೋಗುತ್ತಾಳೆ. ಆ ವೇಗಕ್ಕೆ ಎದುರು ನಿಂತು ಪರ್ಸು ತೆಗೆಯುವುದೇ ಒಂದು ಸಾಹಸ. ಚೀಲಕ್ಕೆ ತುಂಬುವುದು ನಮ್ಮ ಕೆಲಸ, ಚೀಲ ತಂದಿರದಿದ್ದರೆ ಅದಕ್ಕೆ ಬೇರೆ ದುಡ್ಡು.

ಹಾಸನದಿಂದ ಬಂದು ಒಹಾಯೊದ ನಮ್ಮ ಮನೆಯಲ್ಲಿ ಕೆಲವು ತಿಂಗಳಿದ್ದ ಅತ್ತೆಯವರಿಗೆ ಈ ವ್ಯವಸ್ಥೆ ಬಹಳ ಹಿಡಿಸಿತು. ದುಡಿಸಿಕೊಳ್ಳುತ್ತಾರೆ, ಆದರೆ ದುಡಿದದ್ದನ್ನು ಬೆಲೆಯಲ್ಲಿ ಮುರಿದುಕೊಡುತ್ತಾರೆ ಎಂಬುದು ಅವರ ಲೆಕ್ಕ. ಅವರ ತಕರಾರು ಶುರುವಾದದ್ದು, ಅಷ್ಟೇನೂ ಅಗ್ಗವಲ್ಲದ ಬೇರೊಂದು ಮಳಿಗೆಯಲ್ಲಿ ನಾವೇ ಬಿಲ್ಲು ಹಾಕಿಕೊಳ್ಳುವ ಯಂತ್ರವನ್ನು ಕಂಡಾಗ. “ಅಲ್ಲ ಕಣಮ್ಮ, ಬಿಲ್ಲೂ ನಾವೇ ಹಾಕ್ಕೊಂಡು, ಚೀಲಕ್ಕೂ ನಾವೇ ತುಂಬ್ಕೊಂಡ್ರೆ ಇವ್ರು ಎಷ್ಟು ಬಿಡ್ತಾರೆ?” ಎಂದು ಕೇಳಿದರು. ಏನೂ ಬಿಡುವುದಿಲ್ಲ ಎಂದೆ. “ಹಾಗಾದ್ರೆ ಅಲ್ಲಿ ಮನುಷ್ಯರಿದ್ದಾರಲ್ಲ, ಆ ಕಡೆ ನಡಿ” ಎಂದು ಗಾಡಿಯನ್ನು ತಿರುಗಿಸಿದರು. ಸೆಲ್ಫ್ ಚೆಕ್‌ಔಟಿನ ಬಗ್ಗೆ ಇದಕ್ಕಿಂತ ಖಚಿತವಾದ ಅರ್ಥಶಾಸ್ತ್ರವನ್ನು ನಾನು ಓದಿಲ್ಲ.

ಗಿರಾಕಿಯ ಕೈಗೆ ಅಂಗಡಿಯ ಕೆಲಸವನ್ನು ದಾಟಿಸುವ ವಿದ್ಯೆ ಹೊಸದಲ್ಲ. ಚೀಟಿ ಕೊಟ್ಟು ನಿಂತರೆ ಅಂಗಡಿಯ ಹುಡುಗ ಬೇಳೆ, ಬೆಲ್ಲ ತೂಗಿ ಪೊಟ್ಟಣ ಕಟ್ಟಿಕೊಡುತ್ತಿದ್ದ ಪದ್ಧತಿ ನಮ್ಮ ಊರುಗಳಲ್ಲಿದ್ದಂತೆ ಅಮೆರಿಕದಲ್ಲೂ ಇತ್ತು. 1916ರಲ್ಲಿ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ‘ಪಿಗ್ಲಿ ವಿಗ್ಲಿ’ ಎಂಬ ಮಳಿಗೆ ತೆರೆದು, ಗಿರಾಕಿಯ ಕೈಗೇ ಬುಟ್ಟಿ ಕೊಟ್ಟು ಒಳಗೆ ಬಿಟ್ಟ. ನಾವಿರುವ ಒಹಾಯೊ ರಾಜ್ಯದ್ದೇ ಆದ ಟ್ರಾಯ್ ಎಂಬ ಸಣ್ಣ ಊರಿನಲ್ಲಿ 1974ರ ಜೂನ್ 26ರಂದು ಚೂಯಿಂಗ್ ಗಮ್ಮಿನ ಪೊಟ್ಟಣವೊಂದರ ಬಾರ್‌ಕೋಡನ್ನು ಮೊದಲ ಬಾರಿಗೆ ಯಂತ್ರ ಓದಿತು. ಮುಂದೆ ಹತ್ತು ಹನ್ನೆರಡು ವರ್ಷಗಳಲ್ಲಿ ಅಟ್ಲಾಂಟಾ ಸಮೀಪದ ಕ್ರೋಗರ್ ಮಳಿಗೆಯಲ್ಲಿ ಓದಿಸುವ ಕೆಲಸವೂ ಗಿರಾಕಿಯ ಪಾಲಿಗೆ ಬಂತು. ಹಣ ಪಡೆಯಲು ಮಾತ್ರ ಆಗಿನ್ನೂ ಮನುಷ್ಯರಿದ್ದರು.

ಸೋಜಿಗವೆಂದರೆ, ಕೆಲಸವನ್ನು ಪೂರ್ತಿ ನಮಗೆ ಒಪ್ಪಿಸಿದ ಅಂಗಡಿ ನಂಬಿಕೆಯನ್ನು ಮಾತ್ರ ಒಪ್ಪಿಸಲಿಲ್ಲ. ಇಂತಹ ಯಂತ್ರಗಳಲ್ಲಿ ಹಲವಕ್ಕೆ ಪ್ರತಿ ಸರಕಿನ ತೂಕವೂ ಗೊತ್ತು. ಓದಿಸಿದ ವಸ್ತುವನ್ನು ಪಕ್ಕದ ಹಲಗೆಯ ಮೇಲಿಟ್ಟಾಗ ಲೆಕ್ಕ ತಾಳೆಯಾಗದಿದ್ದರೆ, ಅನಿರೀಕ್ಷಿತ ವಸ್ತು ಕಂಡುಬಂದಿದೆ ಎಂದು ಅಂಗಡಿಗೆಲ್ಲ ಕೇಳುವಂತೆ ಸಾರುತ್ತದೆ. ಆ ಅನಿರೀಕ್ಷಿತ ವಸ್ತು ಎಷ್ಟೋ ಸಲ ಊರಿನ ಜವಳಿ ಅಂಗಡಿಯವರು ಸೀರೆಯ ಜೊತೆ ಕೊಟ್ಟ ಬಟ್ಟೆಯ ಚೀಲವಾಗಿರುತ್ತದೆ. ಅರ್ಧ ಡಜನ್ ಯಂತ್ರಗಳ ನಡುವೆ ಓಡಾಡುವ ಉದ್ಯೋಗಿ ಬಂದು ಕಾರ್ಡು ತೋರಿಸಿ, ಇವರು ಸಭ್ಯಸ್ಥರು ಎಂದು ಅದಕ್ಕೆ ಮನವರಿಕೆ ಮಾಡಿಕೊಡಬೇಕು. ಬಾರ್‌ಕೋಡಿಲ್ಲದ ಬಿಡಿ ಹಣ್ಣು, ತರಕಾರಿಯದು ಇನ್ನೊಂದು ಅಧ್ಯಾಯ; ಅವುಗಳ ಸಂಖ್ಯೆಯನ್ನು ನಾವೇ ಯಂತ್ರದಲ್ಲಿ ಒತ್ತಬೇಕು. ಬಾಳೆಹಣ್ಣಿನ ಸಂಖ್ಯೆ 4011 ಎಂಬುದು ಇಲ್ಲಿ ಸಂಸಾರ ಮಾಡಿದವರಿಗೆಲ್ಲ ಬಾಯಿಪಾಠ. ಹಸಿ ಶುಂಠಿಯ ಸಂಖ್ಯೆಯನ್ನು ಹುಡುಕುವಾಗ ಹಿಂದಿನವರ ನಿಟ್ಟುಸಿರು ಬೆನ್ನಿಗೆ ತಾಗುತ್ತದೆ.

ಈಚೆಗೆ ಅಂಗಡಿಯವರಿಗೂ ಇದು ಸಾಕೆನಿಸಿದಂತಿದೆ. ಉತ್ತರ ಇಂಗ್ಲೆಂಡಿನ ಬೂತ್ಸ್ ಮಳಿಗೆಗಳು 2023ರಲ್ಲಿ ಬಹುತೇಕ ಕಡೆ ಯಂತ್ರಗಳನ್ನು ತೆಗೆಯುವುದಾಗಿ ಸಾರಿದವು. ಮರುವರ್ಷ ಅಮೆರಿಕದ ಡಾಲರ್ ಜನರಲ್, ಕಳವು ಮತ್ತು ನಷ್ಟದ ಕಾರಣದಿಂದ, ಸಾವಿರಾರು ಮಳಿಗೆಗಳಲ್ಲಿ ಅವನ್ನು ಕೈಬಿಟ್ಟಿತು. ಅದೇ ವರ್ಷ ಟಾರ್ಗೆಟ್ ತನ್ನ ಬಹುತೇಕ ಮಳಿಗೆಗಳಲ್ಲಿ ಯಂತ್ರಕ್ಕೆ ಹತ್ತು ಸರಕುಗಳ ಮಿತಿ ಹಾಕಿತು. ನನ್ನ ಮಟ್ಟಿಗೆ ಇದೇ ನ್ಯಾಯ. ಹಾಲು, ಬ್ರೆಡ್ಡು, ಮೊಸರಿಗಾಗಿ ಮಾತ್ರ ಬಂದವರು ತುಂಬಿದ ಗಾಡಿಗಳ ಹಿಂದೆ ಕಾಯಬೇಕಾಗಿಲ್ಲ, ತಿಂಗಳ ಸಾಮಾನು ಕೊಂಡವರು ಅಪರಾಧಿಗಳಂತೆ ಯಂತ್ರದ ಮುಂದೆ ನಿಲ್ಲಬೇಕಾಗಿಲ್ಲ. ಮಿತಿ ಬಂದ ಮೇಲೆ ಬಾಳೆಹಣ್ಣಿನ ಚಿಪ್ಪು ಒಂದು ಸರಕೋ ಆರು ಸರಕೋ ಎಂಬ ಜಿಜ್ಞಾಸೆ ಮಾತ್ರ ಹುಟ್ಟಿಕೊಂಡಿತು. ಫೋನಿನಲ್ಲಿ ಅತ್ತೆಯವರ ಅಭಿಪ್ರಾಯ ಕೇಳಿದೆ. ಚಿಪ್ಪನ್ನು ಬಿಡಿಸಿ ಎಣಿಸುವವರು ವ್ಯಾಪಾರಕ್ಕೆ ಲಾಯಕ್ಕಿಲ್ಲ ಎಂದು ಅವರು ತೀರ್ಪಿತ್ತರು.