ಸತ್ಯಾಂಶ: ಮೇಣ ಉಜ್ಜಿದ ಅಂಗಿ ರೇನ್‌ಕೋಟ್ ಆಗುವುದೇ?

ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿಯಿತೆಂದರೆ ಆ ಸಂದೇಶ ಮತ್ತೆ ಮೊಬೈಲ್‌ಗೆ ಬರುತ್ತದೆ: ಟೆರಿಕಾಟ್ (ಪಾಲಿಯೆಸ್ಟರ್, ಹತ್ತಿ ಬೆರೆತ ಬಟ್ಟೆ) ಅಂಗಿಗೆ ಮೇಣದಬತ್ತಿ ಉಜ್ಜಿ ಇಸ್ತ್ರಿ ಮಾಡಿದರೆ ಶಾಶ್ವತ ರೇನ್‌ಕೋಟ್ ಸಿದ್ಧ.

ಹನಿ ಜಾರುವುದು ನಿಜ. ಹಾಗಾಗಿಯೇ ಜನ ನಂಬುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಕರಗಿದ ಮೇಣ ಪಾಲಿಯೆಸ್ಟರ್, ಹತ್ತಿ ಎರಡೂ ಎಳೆಗಳ ಮೇಲೆ ತೆಳುವಾಗಿ ಕೂತಾಗ ನೀರು ಕೆಸುವಿನ ಎಲೆಯ ಮೇಲಿನಂತೆ ಉರುಳುತ್ತದೆ. ಆದರೆ ನೇಯ್ಗೆಯ ಸಂದುಗಳು ಪೂರ್ತಿ ಮುಚ್ಚುವುದಿಲ್ಲ. ಹುಬ್ಬಳ್ಳಿಯ ರಸ್ತೆಯಲ್ಲಿ ಬೈಕ್ ಓಡಿಸುವಾಗ ಎದೆಗೆ ಬಡಿಯುವ ಮಳೆ ಆ ಸಂದುಗಳಿಂದ, ಹೊಲಿಗೆಯ ತೂತುಗಳಿಂದ ಒಳಗಿಳಿಯುತ್ತದೆ.

ಶಾಶ್ವತ ಎಂಬುದಂತೂ ಸುಳ್ಳು. ಮೇಣದಬತ್ತಿಯ ಪ್ಯಾರಾಫಿನ್ ಸುಮಾರು 50–65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಬಿಸಿನೀರು, ಸಾಬೂನು, ತಿಕ್ಕಾಟ ಅದನ್ನು ಕಿತ್ತುಹಾಕುತ್ತವೆ. ಬಟ್ಟೆ ಗಿರಣಿಗಳಲ್ಲಿ ನೀರು ಹೀರದಂತೆ ಮಾಡಲು ಮೇಣದ ಜೊತೆ ಅಲ್ಯೂಮಿನಿಯಂ ಅಥವಾ ಜಿರ್ಕೋನಿಯಂ ಲವಣ ಸೇರಿಸುವುದುಂಟು. ಅದೂ ಒಗೆದಂತೆ ಸವೆಯುತ್ತದೆ. ಸಂದೇಶ ಹೇಳದ ಮಾತೊಂದಿದೆ: ಮೇಣ ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ.

ಅನುಮಾನವಿದ್ದರೆ ಹಳೆಯ ತುಂಡಿಗೆ ಮೇಣ ಹಚ್ಚಿ ಲೋಟದ ಬಾಯಿಗೆ ಕಟ್ಟಿ. ಮೊದಲು ನೀರು ಚಿಮುಕಿಸಿ, ಆಮೇಲೆ ತಂಬಿಗೆಯನ್ನು ಎತ್ತರಕ್ಕೆ ಹಿಡಿದು ಸುರಿಯಿರಿ. ಲೋಟದೊಳಗೆ ಇಳಿದ ನೀರು ನೋಡಿ. ಅದೇ ತುಂಡನ್ನು ಸಾಬೂನಿನಲ್ಲಿ ಒಗೆದು ಒಣಗಿಸಿ, ಇನ್ನೊಮ್ಮೆ ಸುರಿಯಿರಿ. ತುಂತುರಿನಲ್ಲಿ ಸಂತೆಗೆ ಒಯ್ಯುವ ಚೀಲಕ್ಕೆ ಈ ಮೇಣದ ಉಪಾಯ ಸಾಕು.